ಮುಡಿಯೆಂಬ ಮಾತು

ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಹಳೆಯ ಮನೆಗಳಲ್ಲಿ ಅಕ್ಕಿಯನ್ನು ತುಂಬಿಡುತ್ತಿದ್ದ ಹುಲ್ಲಿನ ಉಂಡೆಗೆ ಮುಡಿಯೆಂದು ಹೆಸರು. ಘಟ್ಟದ ಮೇಲಣ ವಾಚಕರು ಈ ಮಾತನ್ನು ಕೇಳಿದೊಡನೆ ಹೆಂಗಳೆಯರ ತುರುಬನ್ನೂ ಅದರಲ್ಲಿನ ಮಲ್ಲಿಗೆಯನ್ನೂ ನೆನೆಯುವರು. ಪಾಣೆಮಂಗಳೂರಿನ ಹಿರಿಯರು ನೆನೆಯುವುದು ಊಟವನ್ನು. ಒಂದೇ ಮಾತು ಒಂದೆಡೆ ತಲೆಯ ಮೇಲೂ ಮತ್ತೊಂದೆಡೆ ಅಟ್ಟದ ಮೇಲೂ ಕುಳಿತಿರುವುದು ಹೇಗೆಂಬುದನ್ನು ವಿಚಾರಿಸಿದರೆ, ನುಡಿಯ ಚರಿತ್ರೆಯ ಜೊತೆಗೆ ನಮ್ಮ ಬಾಳಿನ ಚರಿತ್ರೆಯೂ ಅಷ್ಟಿಷ್ಟು ತಿಳಿದುಬರುವುದು.

ಸಂಸ್ಕೃತವನ್ನು ಓದಿದವರಿಗೆ ಎಲ್ಲ ಮಾತಿನ ಬೇರನ್ನೂ ಸಂಸ್ಕೃತದಲ್ಲಿಯೇ ಅರಸುವ ಚಾಪಲ್ಯವುಂಟು. ಮುಡಿಯನ್ನು ಮೂರ್ಧನ್ ಎಂಬುದರಿಂದಲೋ ಮುಂಡವೆಂಬುದರಿಂದಲೋ ಎಳೆದು ತರುವ ಪಂಡಿತರನ್ನು ನಾವು ಕಂಡಿದ್ದೇವೆ. ಆದರೆ ಮುಡಿಯು ಅಚ್ಚ ದೇಶ್ಯಪದ. ಕನ್ನಡದಲ್ಲಿ ಅದು ಮೊದಲು ಕ್ರಿಯೆ, ಆಮೇಲೆ ವಸ್ತು. ಮುಡಿಯುವುದೆಂದರೆ ಕಟ್ಟುವುದು, ಗಂಟಿಕ್ಕುವುದು. ಕಟ್ಟಿದ ಕೂದಲು ಮುಡಿ. ಕಟ್ಟಿದ ಅಕ್ಕಿಯೂ ಮುಡಿ. ತಮಿಳರಲ್ಲಿ ಈ ಮಾತು ಗಂಟಾಗಿ, ಕೂದಲಾಗಿ, ಕಿರೀಟವಾಗಿ, ಬೆಟ್ಟದ ಶಿಖರವಾಗಿ, ಕಡೆಗೆ ಕೆಲಸದ ಮುಕ್ತಾಯವೂ ಆಗಿ ಬೆಳೆದಿದೆ. ಮಲಯಾಳದಲ್ಲಿ ತೆಯ್ಯದ ವೇಷಧಾರಿಯು ತಲೆಗೆ ಕಟ್ಟುವ ಭಾರಿಯ ಅಲಂಕಾರಕ್ಕೆ ಮುಡಿಯೆನ್ನುತ್ತಾರೆ. ಮೇಲುಕೋಟೆಯ ಚೆಲುವನಾರಾಯಣನ ವೈರಮುಡಿಯೂ, ರಾಜ ಒಡೆಯರು ಸಮರ್ಪಿಸಿದ ರಾಜಮುಡಿಯೂ ಕಿರೀಟಗಳೇ ಸರಿ. ಅದೇ ರಾಜಮುಡಿಯ ಹೆಸರಿನ ಬತ್ತವೊಂದು ಹಾಸನದ ಸೀಮೆಯಲ್ಲಿ ಬೆಳೆಯುವುದು ವಿನೋದದ ಸಂಗತಿ. ಅಲ್ಲಿಯೂ ಮುಡಿಯು ಅನ್ನದ ನಂಟನ್ನು ಬಿಡಲಿಲ್ಲ!

ಅಮರಸಿಂಹನು ಬಿಗಿದು ಕಟ್ಟಿದ ಕೂದಲಿಗೆ ಧಮ್ಮಿಲ್ಲವೆಂಬ ಹೆಸರನ್ನು ಹೇಳುತ್ತಾನೆ. ಬಿಚ್ಚಿದ ಕೂದಲು ಧಮ್ಮಿಲ್ಲವಲ್ಲ; ಹಾಗೆಯೇ ಹರಡಿದ ಅಕ್ಕಿ ಮುಡಿಯಲ್ಲ. ಭಟ್ಟನಾರಾಯಣನ ವೇಣೀಸಂಹಾರವೆಂಬ ನಾಟಕದ ಹೆಸರಿಗೆ ಜಡೆಯನ್ನು ಕಟ್ಟುವುದೆಂದೇ ಅರ್ಥ. ಸಭೆಯಲ್ಲಿ ಅವಮಾನಿತಳಾದ ದ್ರೌಪದಿಯ ಬಿಚ್ಚಿದ ಕೂದಲನ್ನು ಭೀಮಸೇನನು ತನ್ನ ಮಾತನ್ನು ನಡೆಸಿದ ಮೇಲೆಯೇ ಕಟ್ಟುತ್ತಾನೆ. ಮುಡಿ ಕಟ್ಟುವುದೆಂದರೆ ಆಡಿದ ಮಾತನ್ನು ಸಲ್ಲಿಸುವುದೆಂಬ ಭಾವವು ಹೀಗೆ ನಮ್ಮ ಜನರ ಮನಸ್ಸಿನಲ್ಲಿ ಬಹು ಹಿಂದೆಯೇ ನೆಲೆಸಿದೆ. ಮನೆಯಲ್ಲಿ ಮಗುವಿಗೆ ಕಾಯಿಲೆಯಾದಾಗ ತಿರುಪತಿಯ ದೇವರ ಹೆಸರಿನಲ್ಲಿ ಅರಿಸಿನದ ಬಟ್ಟೆಯಲ್ಲಿ ನಾಣ್ಯವನ್ನು ಗಂಟಿಕ್ಕಿ ದೇವರ ಕೋಣೆಯಲ್ಲಿಡುವ ಮುಡಿಪನ್ನು ಯಾರು ಕಾಣರು? ನಮ್ಮ ಪೇಟೆಯ ಕೊಂಕಣಿ ಮನೆಗಳಲ್ಲಂತೂ ಅದು ಚಿರಪರಿಚಿತ. ಆ ಗಂಟನ್ನು ಎಷ್ಟೇ ಕಷ್ಟ ಬಂದರೂ ಬಿಚ್ಚುವಂತಿಲ್ಲ. ದೇಶಸೇವೆಗಾಗಿ ಬಾಳನ್ನು ಮುಡಿಪಾಗಿಟ್ಟರೆಂದು ಹೇಳುವಾಗ ನಾವು ಈ ಗಂಟಿನ ಮಾತನ್ನೇ ಆಡುತ್ತಿರುತ್ತೇವೆ.

ಇನ್ನು ಅಕ್ಕಿಯ ಮುಡಿಗೆ ಬರೋಣ. ಅದನ್ನು ಕಟ್ಟುವುದು ಎಲ್ಲರಿಂದಾಗುವ ಕೆಲಸವಲ್ಲ. ಉದ್ದವಾದ ಬೈಹುಲ್ಲನ್ನು ಸುತ್ತಲೂ ಕಿರಣಗಳಂತೆ ಹರಡಿ, ನಡುವೆ ಅಕ್ಕಿಯನ್ನು ಸುರಿದು, ಹುಲ್ಲಿನ ತುದಿಗಳನ್ನು ಮೇಲೆತ್ತಿ ಒಟ್ಟುಗೂಡಿಸಿ ತಿರುಚುವರು. ಅನಂತರ ಹುಲ್ಲಿನಿಂದಲೇ ಹೊಸೆದ ಹಗ್ಗವನ್ನು ಬಲೆಯಂತೆ ಸುತ್ತುತ್ತ, ಮರದ ಕೊಡತಿಯಿಂದ ಬಡಿಬಡಿದು ಬಿಗಿಮಾಡುವರು. ಕೆಲಸ ಮುಗಿದಾಗ ಅದು ಗುಂಡುಕಲ್ಲಿನಂತೆ ಗಟ್ಟಿಯಾಗಿ ನಿಲ್ಲುವುದು. ಉರುಳಿಸಿದರೂ ಒಂದು ಕಾಳು ಚೆಲ್ಲದು. ಒಳಗಿನ ಕುಚ್ಚಲಕ್ಕಿಗೆ ಮಳೆಗಾಲದ ತೇವವೂ ಹುಳುವೂ ಸುಲಭವಾಗಿ ತಟ್ಟುತ್ತಿರಲಿಲ್ಲ.

ಮುಡಿಯು ಪಾತ್ರವಷ್ಟೇ ಆಗಿರದೆ ಅಳತೆಯೂ ಆಗಿತ್ತು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಎಂದರೆ 42 ಸೇರು. ಇಂದಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 40 ಕಿಲೋಗ್ರಾಂ. ಇಷ್ಟು ಮುಡಿ ಬೀಜ ಬಿತ್ತುವ ಗದ್ದೆಯೆಂದು ಭೂಮಿಯನ್ನು ಸಹ ಮುಡಿಯಿಂದಲೇ ಗುರುತಿಸುತ್ತಿದ್ದರು. ಬಾರಕೂರು ಮೊದಲಾದ ಕಡೆಗಳ ವಿಜಯನಗರ ಕಾಲದ ಶಾಸನಗಳಲ್ಲಿ ದೇವಸ್ಥಾನಗಳಿಗೆ ಬಿಟ್ಟ ಅಕ್ಕಿಯನ್ನು ಮೂಡೆಗಳಲ್ಲಿ ಎಣಿಸಿರುವುದುಂಟು. ಈ ಮೂಡೆಯು ನಮ್ಮ ಮುಡಿಗೆ ರೂಪದಿಂದಲೂ ಅರ್ಥದಿಂದಲೂ ನೆರೆಯ ಮಾತು. ಘಟ್ಟದ ಮೇಲಿನ ಮೂಟೆಯೂ ಅದರ ಬಳಗವೇ. ಇಂದು ನಮ್ಮ ಅಡಿಗೆಮನೆಗಳಲ್ಲಿ ಮೂಡೆಯೆಂದರೆ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು. ಅಕ್ಕಿಯನ್ನು ಎಲೆಯಲ್ಲಿಯೋ ಹುಲ್ಲಿನಲ್ಲಿಯೋ ಕಟ್ಟುವ ಭಾವವು ಅಲ್ಲಿಯೂ ಉಳಿದಿದೆ.

ಪಾಣೆಮಂಗಳೂರು ನೇತ್ರಾವತಿಯ ತೆಂಕಣ ದಡದ ಊರು. ಬಂಟ್ವಾಳವು ಎದುರಿನ ದಡದಲ್ಲಿದೆ. ಹೊಳೆಯೇ ಹೆದ್ದಾರಿಯಾಗಿದ್ದ ಕಾಲದಲ್ಲಿ ಅಕ್ಕಿಯ ಮುಡಿಗಳು ದೋಣಿಗಳಲ್ಲಿ ಮಂಗಳೂರಿಗೆ ಇಳಿಯುತ್ತಿದ್ದವು. ಉಪ್ಪೂ ಒಣಮೀನೂ ಮೇಲಕ್ಕೆ ಬರುತ್ತಿದ್ದವು. ಹೀಗೆ ಮುಡಿಯು ವ್ಯಾಪಾರಿಗೆ ಸರಕು, ದೇವಸ್ಥಾನಕ್ಕೆ ಕಾಣಿಕೆ, ಭೂಮಾಲಿಕನಿಗೆ ಆದಾಯ. ಒಕ್ಕಲಿಗೆ ಮಾತ್ರ ಅದು ಸಾಲ.

ಇದನ್ನು ನಾವು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನಮ್ಮ ತಂದೆಯವರು ಚಾಲಗೇಣಿಯ ಒಕ್ಕಲಾಗಿದ್ದರು. ಚಾಲಗೇಣಿಯೆಂದರೆ ಧಣಿಗಳು ಒಪ್ಪುವಷ್ಟು ದಿನ ಮಾತ್ರ ಉಳಿಯುವ ಸಾಗುವಳಿ. ಕೊಯ್ಲು ಮುಗಿದೊಡನೆ ಮೊದಲು ಕಟ್ಟುತ್ತಿದ್ದುದು ಗೇಣಿಯ ಮುಡಿಗಳನ್ನು, ಮಿಕ್ಕುದು ಮನೆಗೆ. ಮನೆಯಂಗಳದಲ್ಲಿ ಸರಿಯಾಗಿ ಮೂರು ಕಳಸೆ ಅಳೆದು ಕಟ್ಟಿದ ಮುಡಿಯನ್ನು ಧಣಿಗಳ ಅಂಗಳದಲ್ಲಿ ಬಿಚ್ಚಿ ಅಲ್ಲಿನ ಕಳಸೆಯಿಂದ ಮರಳಿ ಅಳೆಯುವರು. ಆಗ ಅದು ಮೂರು ಕಳಸೆ ಆಗುತ್ತಿರಲಿಲ್ಲ. ಕೊರತೆಯನ್ನು ತುಂಬಿಕೊಡುವುದಕ್ಕಾಗಿ ನಮ್ಮ ತಾಯಿಯವರು ಮನೆಯ ಅಕ್ಕಿಯನ್ನು ಸೇರಿನಲ್ಲಿ ಅಳೆದು ಕಳುಹಿಸುತ್ತಿದ್ದರು. ಅಳತೆಯ ಮಾತೊಂದು ಎರಡು ಅಂಗಳಗಳಲ್ಲಿ ಎರಡು ಅರ್ಥವನ್ನು ತಾಳುವುದುಂಟೆಂಬುದನ್ನು ನಾವು ಶಬ್ದಶಾಸ್ತ್ರವನ್ನು ಓದುವ ಮುನ್ನವೇ ಕಲಿತೆವು.

1974ನೆಯ ಇಸವಿಯ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು ಜಾರಿಗೆ ಬಂದಿತು. ಗೇಣಿಯ ಭೂಮಿಗಳು ಸರಕಾರದ ವಶವಾಗಿ, ಉಳುವವನು ಅರ್ಜಿಯನ್ನು ಕೊಟ್ಟು ಹಕ್ಕನ್ನು ಪಡೆಯುವಂತಾಯಿತು. ನಮ್ಮ ತಂದೆಯವರೂ ಡಿಕ್ಲರೇಶನ್ ಅರ್ಜಿಯನ್ನು ಬರೆಯಿಸಿ ಕೊಟ್ಟರು. ಅದೇ ವರ್ಷದ ಮಳೆಗಾಲದಲ್ಲಿ ನೇತ್ರಾವತಿಯು ಉಕ್ಕಿ ಪೇಟೆಗೂ ಗದ್ದೆಗಳಿಗೂ ನುಗ್ಗಿದಳು. ನಮಗೆ ಆಗ ಒಂಬತ್ತು ವರ್ಷ ಪ್ರಾಯ. ನೀರು ಜಗಲಿಗೆ ಏರಿದಾಗ ಅಟ್ಟದಲ್ಲಿದ್ದುದು ಒಂದೇ ಮುಡಿ. ಸುಗ್ಗಿಯ ಬೆಳೆಗೆಂದು ಇಟ್ಟಿದ್ದ ಬಿತ್ತಿನ ಬತ್ತ. ತಂದೆಯವರು ಅದನ್ನು ಹೆಗಲಿಗೇರಿಸಿ ಗುಡ್ಡೆಯ ಕಡೆಗೆ ಹೊರಟರು.

“ಅಪ್ಪಾ, ತಾಮ್ರದ ಹಂಡೆ ಇದೆಯಲ್ಲ, ಅದನ್ನು ತರುವುದಿಲ್ಲವೆ?” ಎಂದು ನಮ್ಮ ಅಕ್ಕನು ಕೂಗಿ ಕೇಳಿದಳು.

“ಹಂಡೆ ಹೋದರೆ ಮಡಕೆಯಲ್ಲಿ ಬೇಯಿಸೋಣ ಮಗಾ. ಬಿತ್ತು ಹೋದರೆ ಗದ್ದೆ ನಮ್ಮದಾಗಿ ಏನು ಬಂತು?” ಎಂದರು ತಂದೆಯವರು.

ಹಂಡೆಯು ಹೊಳೆಯ ಪಾಲಾಯಿತು. ಆ ಮೇಲಿನ ವಾರಗಳು ಆಟಿಯ ತಿಂಗಳಿನವು. ಹಲಸಿನ ಬೀಜ, ಕೆಸುವಿನ ಎಲೆ, ತಗತೆಯ ಸೊಪ್ಪು, ನೆಂಟರ ಮನೆಯಿಂದ ಕಡ ತಂದ ಅಕ್ಕಿಯ ತಿಳಿಗಂಜಿ, ಇವೇ ನಮ್ಮ ಊಟ. ನಾವು ಮಕ್ಕಳು ಹಸಿವಿನಿಂದ ಆ ಮುಡಿಯ ಸುತ್ತಲೇ ಸುಳಿಯುತ್ತಿದ್ದೆವು. ತಮ್ಮನೊಬ್ಬನು ಹುಲ್ಲಿನ ಸಂದಿಯಲ್ಲಿ ಬೆರಳಿಟ್ಟು ಒಂದೆರಡು ಕಾಳನ್ನು ಎಳೆಯಲು ನೋಡಿದನು. ತಾಯಿಯವರು ಗದರಲಿಲ್ಲ, ಅವನ ಕೈಯನ್ನು ಹಿಡಿದು, “ಇದು ನಮ್ಮದಲ್ಲ ಕಣೋ, ಗದ್ದೆಯದು” ಎಂದರು. ಮುಡಿಪೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾವು ಯಾವ ಗುರುಗಳಿಂದಲೂ ಕೇಳಲಿಲ್ಲ. ಆ ಬಿತ್ತು ಸಕಾಲದಲ್ಲಿ ಗದ್ದೆಗೆ ಬಿದ್ದಿತು. ಆ ಸುಗ್ಗಿಯಲ್ಲಿ ಕಟ್ಟಿದ ಮುಡಿಗಳನ್ನು ಯಾರ ಅಂಗಳದಲ್ಲಿಯೂ ಬಿಚ್ಚಿ ಅಳೆಯಲಿಲ್ಲ. ನಮ್ಮ ತಂದೆಯವರು ಅವುಗಳನ್ನು ಜಗಲಿಯಲ್ಲಿ ಸಾಲಾಗಿಟ್ಟು ಬಹಳ ಹೊತ್ತು ಸುಮ್ಮನೆ ನೋಡುತ್ತ ಕುಳಿತಿದ್ದರು.

ಮುಡಿಯು ಮರೆಯಾದುದಕ್ಕೆ ಕಾರಣಗಳು ಒಂದೆರಡಲ್ಲ. 1956ರ ತೂಕ ಅಳತೆಗಳ ಕಾಯಿದೆಯಿಂದಾಗಿ ಕಿಲೋಗ್ರಾಂ ಬಂದು ಸೇರು ಕಳಸೆಗಳು ಅಂಗಡಿಯಿಂದ ಹೊರಬಿದ್ದವು. 1966ರಲ್ಲಿ ಐಆರ್ 8, 1968ರಲ್ಲಿ ಜಯಾ ಎಂಬ ಗಿಡ್ಡ ತಳಿಗಳು ಬಂದು ಇಳುವರಿ ಹೆಚ್ಚಿತು. ಹಸಿದವರಿಗೆ ಅದು ಮಹದುಪಕಾರವೇ ಸರಿ. ಆದರೆ ಗಿಡ್ಡ ಪೈರಿನ ಹುಲ್ಲು ಮುಡಿಗೆ ಸಾಲದು. ಮುಂದೆ ಬಂದ ಕಟಾವಿನ ಯಂತ್ರಗಳು ಹುಲ್ಲನ್ನು ಇನ್ನಷ್ಟು ತುಂಡರಿಸಿದವು. ಎಷ್ಟೋ ಗದ್ದೆಗಳು ಅಡಿಕೆಯ ತೋಟಗಳಾದವು. ಇಂದು ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಹೊರೆಕಾಣಿಕೆಯ ಮೆರವಣಿಗೆ ಹೊರಡುವಾಗ ಒಂದೆರಡು ಮುಡಿಗಳನ್ನು ಬಲ್ಲವರಿಂದ ಕಟ್ಟಿಸಿ ಇಡುತ್ತಾರೆ. ಜನರು ನಿಂತು ನೋಡುತ್ತಾರೆ. ನಿತ್ಯದ ವಸ್ತುವು ಉತ್ಸವದ ವಸ್ತುವಾಯಿತು.

ಮಾತಿನ ಗತಿಯೇನು? ಕೋಶಕಾರರು ತಮ್ಮ ಕೆಲಸವನ್ನು ಮಾಡಿದ್ದಾರೆ. ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಮ್ಯಾನರರ ತುಳು ಕೋಶವು 1886ರಲ್ಲಿಯೂ ಕಿಟ್ಟೆಲರ ಕನ್ನಡ ಕೋಶವು 1894ರಲ್ಲಿಯೂ ಹೊರಬಂದವು. ಉಡುಪಿಯಲ್ಲಿ ಸಿದ್ಧವಾದ ತುಳು ನಿಘಂಟುವಿನ ಆರು ಸಂಪುಟಗಳು 1988ರಿಂದ 1997ರ ವರೆಗೆ ಪ್ರಕಟವಾದವು. ಆದರೆ ಕೋಶದಲ್ಲಿರುವ ಮಾತು ಅಟ್ಟದಲ್ಲಿನ ಬಿತ್ತಿನಂತೆ. ಯಾರಾದರೂ ತೆಗೆದು ಬಿತ್ತಿದರೆ ಮಾತ್ರ ಮೊಳೆಯುವುದು. ನಾವು ಅಧ್ಯಾಪಕ ವೃತ್ತಿಯಲ್ಲಿದ್ದ ಕೊನೆಯ ವರ್ಷಗಳಲ್ಲಿ ಮುಡಿಯ ಅರ್ಥವನ್ನು ತರಗತಿಯಲ್ಲಿ ಕೇಳಿದಾಗ ಮಕ್ಕಳೆಲ್ಲರೂ ಕೂದಲೆಂದೇ ಉತ್ತರಿಸುತ್ತಿದ್ದರು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು, “ನಮ್ಮ ಅಜ್ಜಿ ಅಕ್ಕಿಗೂ ಹಾಗೆ ಹೇಳುತ್ತಾರೆ, ಸರ್” ಎಂದಳು. ಅಜ್ಜಿಯನ್ನು ವಿಚಾರಿಸಿ ಬರಲು ಹೇಳಿದೆವು. ಮರುದಿನ ಅವಳು ಕಳಸೆಯ ಲೆಕ್ಕವನ್ನೂ, ಹುಲ್ಲನ್ನು ಹರಡುವ ಬಗೆಯನ್ನೂ ಪುಸ್ತಕದ ಎರಡು ಪುಟ ತುಂಬ ಬರೆದು ತಂದಿದ್ದಳು.

ಈ ಪತ್ರಿಕೆಯನ್ನು ಓದುವ ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೇ. ಮನೆಯಲ್ಲಿ ಹಿರಿಯರಿದ್ದರೆ ಅವರು ಆಡುವ ಹಳೆಯ ಮಾತನ್ನು ಮಕ್ಕಳು ಕೇಳಿ ನಗುವ ಮೊದಲು, ಅದು ಯಾವ ವಸ್ತುವಿನ ಹೆಸರು, ಅದರಿಂದ ಏನು ಮಾಡುತ್ತಿದ್ದರು, ಅದಕ್ಕಾಗಿ ಯಾರು ಎಷ್ಟು ದುಡಿದರು ಎಂಬುದನ್ನು ಕೇಳಿಸಿರಿ. ಒಂದು ಹಾಳೆಯಲ್ಲಿ ಬರೆದಿಡಿಸಿರಿ. ಕೇಳುವವರಿಲ್ಲದೆ ಹೋದರೆ ಆ ಮಾತು ಹಿರಿಯರೊಡನೆಯೇ ಹೊರಟುಹೋಗುವುದು. ಆಮೇಲೆ ಅದನ್ನು ಕಡ ಕೊಡುವ ನೆಂಟರ ಮನೆಯೂ ಇರುವುದಿಲ್ಲ.