ಕೀಲಿಕೈ ಅಲ್ಲ, ಕರೆ

ಇನ್ಸುಲಿನ್ ಎಂದರೆ ಜೀವಕೋಶದ ಬಾಗಿಲು ತೆಗೆಯುವ ಕೀಲಿಕೈ ಎಂಬ ಹೋಲಿಕೆ ಎಲ್ಲರಿಗೂ ಗೊತ್ತು. ಪಿಎಚ್‌ಡಿಗೆಂದು ನಾಲ್ಕು ವರ್ಷ ಈ ವಿಷಯದ ಜೊತೆಗೇ ಬದುಕಿದ ಮೇಲೆ ನನಗೆ ಆ ಹೋಲಿಕೆ ಸಾಲದು ಅನ್ನಿಸಿದೆ. ಅಪ್ಪನ ವಿಷಯದಲ್ಲಂತೂ ಅದು ತೊಂದರೆಯನ್ನೇ ಮಾಡಿದೆ.

ಅಪ್ಪನಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ಸಾಲದು, ಇನ್ಸುಲಿನ್ ಶುರು ಮಾಡೋಣ ಎಂದು ಡಾಕ್ಟರು ಹೇಳಿ ಎರಡು ತಿಂಗಳಾಯಿತು. ಅಪ್ಪ ಒಪ್ಪಿಲ್ಲ. ಸೂಜಿ ಎಂದರೆ ಕೊನೆಯ ಹಂತ ಎನ್ನುವ ಭಯ ಒಂದು ಕಡೆ. ಬಾಯಿ ಕಟ್ಟದೆ ತಂದುಕೊಂಡ ಕಾಯಿಲೆ ಎಂದು ನೆಂಟರು ಆಡಿದ ಮಾತು ಇನ್ನೊಂದು ಕಡೆ.

ರಿಸೆಪ್ಟರ್‌ಗೆ ಕನ್ನಡದಲ್ಲಿ ‘ಗ್ರಾಹಕ’ ಎನ್ನುತ್ತಾರೆ. (“ಗ್ರಾಹಕರು ಅಂದ್ರೆ ಸೊಸೈಟಿ ಮುಂದೆ ಕ್ಯೂ ನಿಲ್ಲೋರು ಕಣಮ್ಮ” ಎಂದು ಅಪ್ಪ ನಕ್ಕರು.) ಇದು ಕೋಶದ ಪೊರೆಯಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ ನಾಟಿಕೊಂಡಿರುವ ಪ್ರೋಟೀನು. 51 ಅಮೈನೋ ಆಮ್ಲಗಳ ಪುಟ್ಟ ಇನ್ಸುಲಿನ್ ರಕ್ತದಲ್ಲಿ ತೇಲಿಬಂದು ಹೊರಭಾಗಕ್ಕೆ ಅಂಟಿಕೊಳ್ಳುತ್ತದೆ. ಸುದ್ದಿ ಮುಟ್ಟಿಸಲು ಅದು ಒಳಗೆ ಹೋಗಬೇಕಿಲ್ಲ. ಗ್ರಾಹಕದ ಒಳಭಾಗ ಚುರುಕಾಗಿ ಪಕ್ಕದ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಸುದ್ದಿ ಒಂದರಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಸಕ್ಕರೆ ಒಳಬರುವ ಬಾಗಿಲುಗಳು, ಅಂದರೆ ಗ್ಲುಟ್-4 ಎಂಬ ಪ್ರೋಟೀನುಗಳು, ಹೆಚ್ಚಿನ ಹೊತ್ತು ಒಳಗೇ ಸಣ್ಣ ಚೀಲಗಳಲ್ಲಿರುತ್ತವೆ. ಸುದ್ದಿ ತಲುಪಿದಾಗ ಆ ಚೀಲಗಳು ಬಂದು ಪೊರೆಗೆ ಸೇರುತ್ತವೆ. ಗೋಡೆಗೆ ಬಾಗಿಲು ಬರುವುದೇ ಆಗ. ಕರೆ ನಿಂತರೆ ಬಾಗಿಲುಗಳು ಮತ್ತೆ ಒಳಗೆ ಹೋಗುತ್ತವೆ.

ಅಪ್ಪನಂಥವರಿಗೆ ಬರುವ ಟೈಪ್-2 ಮಧುಮೇಹದ ಆರಂಭದಲ್ಲಿ ರಕ್ತದಲ್ಲಿ ಇನ್ಸುಲಿನ್ ಅನೇಕ ವೇಳೆ ಹೆಚ್ಚೇ ಇರುತ್ತದೆ. ಕರೆ ಬರುತ್ತಿದೆ, ಒಳಗಿನ ದಾರಿಯಲ್ಲಿ ಸುದ್ದಿ ಸೊರಗುತ್ತಿದೆ. ವಂಶದಿಂದ ಬಂದದ್ದು, ಸ್ನಾಯು ಮತ್ತು ಯಕೃತ್ತಿನಲ್ಲಿ ಸೇರಿಕೊಂಡ ಕೊಬ್ಬು, ಎಲ್ಲ ಸೇರಿ ಹೀಗಾಗುತ್ತದೆ. ಮೇದೋಜೀರಕ ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ. ಸದಾ ಕೂಗುವವರ ಮಾತಿಗೆ ಮನೆಯಲ್ಲಿ ಬೆಲೆ ಕಡಿಮೆ. ಕೋಶ ಕೂಡ ತನ್ನ ಗ್ರಾಹಕಗಳಲ್ಲಿ ಕೆಲವನ್ನು ಒಳಗೆ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಕೂಗಿ ಗ್ರಂಥಿಯ ಬೀಟಾ ಕೋಶಗಳು ಸೋಲುತ್ತವೆ. ಸೂಜಿಯಲ್ಲಿ ಕೊಡುವುದು ಆ ಸೋತ ದನಿಗೆ ಜೊತೆದನಿ.

ಅಪ್ಪನನ್ನು ನಿಜಕ್ಕೂ ಕಾಡುತ್ತಿದ್ದದ್ದು ಬೇರೆ. ರಾತ್ರಿ ಮುದ್ದೆ ಬಿಟ್ಟು, ಎರಡೇ ಚಪಾತಿ ತಿಂದು ಮಲಗಿದರೂ ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ ಯಾಕೆ ಏರುತ್ತದೆ? ಕದ್ದು ತಿಂದಿರಬೇಕು ಎಂದು ಅಮ್ಮನಿಗೂ ಅನುಮಾನ. ಯಕೃತ್ತು ರಾತ್ರಿಯೆಲ್ಲ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸಾಕು, ನಿಲ್ಲಿಸು ಎನ್ನುವುದೂ ಇನ್ಸುಲಿನ್ನೇ. ಆ ಮಾತು ಕೇಳಿಸದಿದ್ದರೆ ಅದು ಬಿಡುತ್ತಲೇ ಇರುತ್ತದೆ. ಇದನ್ನು ಹೇಳಿದಾಗ ಅಪ್ಪ ಅಡುಗೆಮನೆಯ ಕಡೆ ತಿರುಗಿ, “ಕೇಳಿಸ್ತೇನೇ?” ಎಂದು ದೊಡ್ಡದಾಗಿ ಕೂಗಿದರು.

ನಡೆಯುವಾಗ ಸ್ನಾಯುಗಳು ಇನ್ಸುಲಿನ್ನಿನ ಕರೆಗೆ ಕಾಯದೆ, ಬೇರೊಂದು ದಾರಿಯಿಂದ ಅವೇ ಬಾಗಿಲುಗಳನ್ನು ತಂದುಕೊಳ್ಳುತ್ತವೆ ಎಂದೂ ಹೇಳಿದೆ. ಊಟದ ನಂತರ ಕೆರೆ ಏರಿಯವರೆಗೆ ಹೋಗಿಬರಲು ಶುರು ಮಾಡಿದ್ದಾರೆ. ಇಂಜೆಕ್ಷನ್‌ಗೆ ಇನ್ನೂ ಹೂಂ ಅಂದಿಲ್ಲ. ಮೊನ್ನೆ ಫೋನಿನಲ್ಲಿ ಬೇರೇನೋ ಮಾತಾಡುತ್ತ ನಡುವೆ, “ಆ ಸೂಜಿ ಎಷ್ಟುದ್ದ ಇರುತ್ತೆ?” ಎಂದು ಕೇಳಿದರು.

4 ಮಿಲಿಮೀಟರಿನದೂ ಸಿಗುತ್ತದೆ ಎಂದೆ.