ನಮ್ಮ ಮನ್ಯಾಗ ರವಿವಾರದ ಇಂಟರವ್ಯೂ

ಮೊನ್ನೆ ಶ್ರಾವಣದಾಗ ನಮ್ಮ ಕಾಕಾ ತೀರಕೊಂಡ. 83 ವರ್ಷ ಆಗಿತ್ತು. ‘ತುಂಬಿದ ಜೀವಾ, ಮಕ್ಕಳು ಮೊಮ್ಮಕ್ಕಳನ್ನ ಕಂಡ ಹೋದಾ’ ಅಂತ ಮಂದಿ ಸಮಾಧಾನ ಹೇಳಿದ್ರು. ಹದಿಮೂರನೇ ದಿವಸ ಊಟ ಮುಗದು ಎಲ್ಲಾರೂ ಪಡಸಾಲ್ಯಾಗ ಎಲಿ-ಅಡಕಿ ತಟ್ಟಿ ಸುತ್ತ ಕೂತಾಗ ಒಂದ ಮಾತ ಬಂತು, ಕಾಕಾ ಹುಬ್ಬಳ್ಳಿಗೆ ಬಂದದ್ದ ಯಾವಾಗ, ಯಾಕ ಅಂತ.

ನಮ್ಮ ದೊಡ್ಡಪ್ಪನ ಮಗಾ ಅಂದಾ, ‘ರೇಲ್ವೆ ನೌಕರಿ ಸಿಕ್ತಲಾ, ಅದಕ್ಕ ಬಂದಾ.’ ಸಣ್ಣ ಅತ್ಯಾ ಅಂದ್ಲು, ‘ಹಂಗಲ್ಲೋ, ಅಪ್ಪನ ಜೋಡಿ ಜಗಳಾಡಿ ಮನಿ ಬಿಟ್ಟ ಬಂದಾಂವ, ನೌಕರಿ ಆಮ್ಯಾಲೆ ಸಿಕ್ಕದ್ದು.’ ಕಡಿಗೆ ಕಾಕೂನ ಕೇಳಿದ್ರ ‘ನಾ ಲಗ್ನಾ ಆಗಿ ಬರೋದ್ರಾಗ ಇಲ್ಲೇ ಇದ್ರಪಾ, ಅದರ ಹಿಂದಿಂದ ನಾ ಎಂದೂ ಕೇಳಲಿಲ್ಲ’ ಅಂದ್ಲು. ವರ್ಕಶಾಪಿನಾಗ 36 ವರ್ಷ ದುಡದ ಮನಷ್ಯಾ, ಮನಿತುಂಬ ಮಂದಿ, ಆದ್ರ ಆಂವ ಯಾಕ ಬಂದಾ ಅನ್ನೋದ ಒಬ್ಬರಿಗೂ ಖಾತ್ರಿ ಇಲ್ಲ.

ಫೋಟೋ ಅಂತೂ ರಗಡ ಇದ್ವು. ದನಿ? ನನ್ನ ವಾಟ್ಸಪ್ಪಿನಾಗ ಹುಡಕಿದ್ರ ಒಂದ ವಾಯ್ಸ್ ಮೆಸೇಜ್ ಸಿಕ್ತು. ಹನ್ನೊಂದ ಸೆಕೆಂಡ್. ‘ಧಾರವಾಡದಿಂದ ಬರೋ ಮುಂದ ಅರ್ಧಾ ಕೇಜಿ ಫೇಡೆ ತೊಗೊಂಡ ಬಾ. ನಿಮ್ಮ ಕಾಕೂಗ ಹೇಳಬ್ಯಾಡ.’ ಶುಗರ್ ಇತ್ತ ಪಾಪ ಅಂವಗ. 83 ವರ್ಷದ ಮನಷ್ಯಾಂದ ಹನ್ನೊಂದ ಸೆಕೆಂಡ್ ಉಳದದ, ಅದೂ ಕಳುವಿನ ಫೇಡೆದ್ದು.

ಅವತ್ತ ರಾತ್ರಿ ಮನಿಗೆ ಬಂದಾಂವನ ಘೋಷಣಾ ಮಾಡಿದೆ, ‘ಇನ್ನಮ್ಯಾಲೆ ನಮ್ಮ ಮನ್ಯಾಗ ಪ್ರತಿ ರವಿವಾರ ಒಬ್ಬರದ ಇಂಟರವ್ಯೂ. ಫೋನ್ ಒಳಗ ರಿಕಾರ್ಡ್ ಮಾಡೋದು.’

ನನ್ನ ಹೆಂಡ್ತಿ ಹಾಸಗಿ ಹಾಸ್ಕೋತನ ಅಂದ್ಲು, ‘ನೀವೇನ್ ರಮೇಶ ಅರವಿಂದ ಏನ್ರಿ? ಅವರ ಸಾಧಕರನ್ನ ಕರದ ಕೂಡಸ್ತಾರ. ನಮ್ಮ ಮನ್ಯಾಗ ಸಾಧಕರ ಯಾರಿದ್ದಾರ?’

ನಮ್ಮವ್ವಗ ಟಿ.ವಿ. ಸಪ್ಪಳದಾಗ ಬ್ಯಾರೆ ಏನೂ ಕೇಳಸೂದಿಲ್ಲ, ಇದ ಮಾತ್ರ ಕೇಳಸ್ತು. ‘ಯಾಕ, ನಾ ಇಲ್ಲೇನು? ನಂಗೂ ಒಂದ ಕೆಂಪ ಕುರ್ಚಿ ತರಸು’ ಅಂದ್ಲು.

ಸರಿ, ಮೊದಲನೇ ಎಪಿಸೋಡ್ ಅವ್ವಂದ. ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಕೆಂಪ ಚಾದರ ಹಾಸಿ ಕೂಡಿಸಿ, ಫೋನ್ ಮಾರಿ ಮುಂದ ಹಿಡದ ಕೇಳಿದೆ, ‘ನಿನ್ನ ಬಾಲ್ಯದ ಬಗ್ಗೆ ಹೇಳು.’

‘ಬಾಲ್ಯ ಏನಪಾ, ಎಲ್ಲಾರದೂ ಇದ್ಧಂಗ ಇತ್ತು.’

‘ಭಾಳ ಕಷ್ಟ ಇತ್ತೇನು?’

‘ಹೂಂ, ಇತ್ತು.’

ಮುಗೀತು. ಪೂರ್ತಿ ನಾಕ ನಿಮಿಷ, ಅದರಾಗ ಎರಡ ನಿಮಿಷ ಕುಕ್ಕರಿನ ಸೀಟಿ. ಫೋನ್ ಕಿಸೆಕ್ಕ ಹಾಕ್ಕೊಂಡ ನಾ ಎದ್ದೆ. ಅವ್ವಾ ಮೆಂತೆ ಪಲ್ಲೆ ಸೋಸಲಿಕ್ಕೆ ಕೂತ್ಲು. ಕೂತಾಕೀನ ತಾನ ಆಗಿ ಶುರು ಮಾಡಿದ್ಲು, ಅವರವ್ವ ಮೆಂತೆ ಹೆಂಗ ಒಣಗಸ್ತಿದ್ಲು, ಬ್ಯಾಸಗಿಗೆ ಅದನ್ನ ಗಡಿಗ್ಯಾಗ ಹೆಂಗ ತುಂಬಿ ಇಡತಿದ್ಲು, ಆ ಗಡಿಗಿ ಒಡದದ್ದಕ್ಕ ತಾ ಯಾವ ಮಾಳಗಿ ಮ್ಯಾಲೆ ಅಡಗಿ ಕೂತಿದ್ದೆ ಅಂತ. ಇಪ್ಪತ್ತ ನಿಮಿಷ! ನನ್ನ ಫೋನ್ ಕಿಸೆದಾಗ ಆರಾಮಾಗಿ ಮಲ್ಕೊಂಡಿತ್ತು.

ಅವತ್ತ ಕಲ್ತದ್ದ ಮೊದಲನೇ ಪಾಠ: ಕುರ್ಚಿ ಮ್ಯಾಲೆ ಕೂಡಿಸಿದ್ರ ಮನಷ್ಯಾ ಸಾಕ್ಷಿ ಹೇಳಲಿಕ್ಕೆ ಬಂದಾಂವನಂಗ ಆಗ್ತಾನ. ಕೈಯಾಗ ಕೆಲಸಾ ಇರಬೇಕು. ಪಲ್ಲೆ ಸೋಸಲಿ, ಶೇಂಗಾ ಸುಲೀಲಿ, ಇಸ್ತ್ರಿ ಮಾಡ್ಲಿ. ಕೈ ಆಡಿದ್ರ ಬಾಯಿ ಆಡ್ತದ. ಎರಡನೇದು, ‘ಬಾಲ್ಯ’, ‘ಜೀವನ’, ‘ಅನುಭವ’ ಅಂತ ದೊಡ್ಡ ದೊಡ್ಡ ಶಬ್ದ ತೊಗೊಂಡ ಹೋದ್ರ ಉತ್ತರ ಸಣ್ಣದ ಬರ್ತದ. ಗಡಿಗಿ ಬಗ್ಗೆ ಕೇಳಿದ್ರ ಬಾಲ್ಯ ತಾನ ಬರ್ತದ.

ಆಮ್ಯಾಲೆ, ಇದನ್ನ ಚೊಲೊತ್ನಾಗಿ ಮಾಡಿದವರ ಹೆಂಗ ಮಾಡ್ಯಾರ ಅಂತ ನೋಡಿದೆ. ಬಿಬಿಸಿ ರೇಡಿಯೋದಾಗ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ ಅಂತ ಒಂದ ಕಾರ್ಯಕ್ರಮ ಅದ. ರಾಯ್ ಪ್ಲಮ್ಲಿ ಅನ್ನಾಂವ 1942ರಾಗ ಶುರು ಮಾಡಿದ್ದು ಇನ್ನೂ ನಡದದ. ಇರೋದ ಒಂದ ಆಟ. ನಿಮ್ಮನ್ನ ಒಂದ ನಡುಗಡ್ಡಿ ಒಳಗ ಒಬ್ಬರನ್ನ ಬಿಟ್ಟಾರ ಅಂತ ತಿಳ್ಕೋರಿ, ಜೋಡಿ ಎಂಟ ಹಾಡು, ಒಂದ ಪುಸ್ತಕ, ಒಂದ ಐಷಾರಾಮಿ ಸಾಮಾನು ಒಯ್ಯಬಹುದು, ಯಾವು ಒಯ್ತೀರಿ? ಅಷ್ಟ. ಆ ಹಾಡು ಯಾಕ ಅಂತ ಹೇಳಕೋತ ಮಂದಿ ತಮ್ಮ ಇಡೀ ಜನ್ಮಾ ಹೇಳಿಬಿಡ್ತಾರ.

ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೇಲ್ವೆ ಸ್ಟೇಶನ್ನಿನಾಗ 2003ರಾಗ ಡೇವ್ ಐಸೆ ಅನ್ನಾಂವ ‘ಸ್ಟೋರಿಕೋರ್’ ಅಂತ ಒಂದ ಸಣ್ಣ ಖೋಲಿ ಇಟ್ಟಾ. ಒಳಗ ಪತ್ರಕರ್ತರ ಯಾರೂ ಇಲ್ಲ. ಅವ್ವನ್ನ ಮಗಳು ಕೇಳೋದು, ಅಜ್ಜನ್ನ ಮೊಮ್ಮಗಾ ಕೇಳೋದು, ನಲವತ್ತ ನಿಮಿಷ. ಒಂದ ಪ್ರತಿ ಅವರಿಗೆ, ಇನ್ನೊಂದ ಅಲ್ಲಿಯ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ. ಆ ಖೋಲಿ ಉದ್ಘಾಟನೆ ಮಾಡಿದಾಂವ ಸ್ಟಡ್ಸ್ ಟರ್ಕೆಲ್, ಆಗ ಅಂವಗ 91 ವರ್ಷ. ಶಿಕಾಗೋ ರೇಡಿಯೋದಾಗ ಜನ್ಮಾ ತಗದಾಂವ. ‘ನೀ ದಿವಸಾ ಏನ್ ಕೆಲಸಾ ಮಾಡ್ತಿ, ಅದ ನಿಂಗ ಹೆಂಗ ಅನಸ್ತದ’ ಅಂತ ಸಾದಾ ಮಂದೀನ್ನ ಕೇಳಿ ಕೇಳಿ 1974ರಾಗ ‘ವರ್ಕಿಂಗ್’ ಅನ್ನೋ ಪುಸ್ತಕ ಮಾಡಿದಾ. ಅಂವಗ ಟೇಪ್ ರಿಕಾರ್ಡರ್ ಒತ್ತಲಿಕ್ಕೆ ಸರೀತ್ನಾಗಿ ಬರತಿರಲಿಲ್ಲಂತ. ಇದನ್ನ ಓದಿ ನಂಗ ಭಾಳ ಧೈರ್ಯ ಬಂತು.

ನಡುಗಡ್ಡಿ ಆಟ ನನ್ನ ಮಗಳಿಗೆ ಹೇಳಿದೆ. ಅಕಿ ಅದನ್ನ ಹುಬ್ಬಳ್ಳಿ ಆಟ ಮಾಡಿದ್ಲು. ‘ಅಜ್ಜಿ, ನೀ ಒಬ್ಬಾಕಿನ ಎಲ್ಲೋ ದೂರ ಹೋಗಬೇಕು. ಅಡಗಿಮನ್ಯಾಗಿಂದ ಎಂಟ ಸಾಮಾನ ಅಷ್ಟ ಒಯ್ಯಬಹುದು. ಆರಸ್ಕೊ.’

ಅವ್ವಾ ಒಂದ ತಾಸ ಆರಿಸಿದ್ಲು. ಮಿಕ್ಸರ್ ಬ್ಯಾಡ ಅಂದ್ಲು, ಕುಕ್ಕರ್ ಬ್ಯಾಡ ಅಂದ್ಲು. ಹಂಚು, ಲಟ್ಟಣಗಿ, ಮಸಾಲಿ ಡಬ್ಬಿ ಎಲ್ಲಾ ಆಗಿ ಎಂಟನೇದಕ್ಕ ಒಂದ ಹಿತ್ತಾಳಿ ಚರಗಿ ತಗದ್ಲು. ನಾ ಹುಟ್ಟಿದಾಗಿಂದ ನೋಡೇನಿ ಅದನ್ನ. ಮಗಳು ಅದರ ಮ್ಯಾಲಿನ ಹೆಸರ ಓದಿದ್ಲು. ಅದ ನಮ್ಮ ಮನಿತನದವರ ಹೆಸರ ಅಲ್ಲ!

1972ರ ಬರಗಾಲದಾಗ ಅವ್ವನ ತವರಮನಿ ಬಾಜೂದವರು ಕೂಲಿ ಹುಡ್ಕೊಂಡ ಊರ ಬಿಟ್ರಂತ, ವಿಜಾಪೂರ ಜಿಲ್ಲಾದಾಗ. ಹೋಗೋ ಮುಂದ ‘ಬರೋ ತನಕಾ ಇಟಗೋರಿ’ ಅಂತ ನಾಕ ಭಾಂಡೆ ಕೊಟ್ಟ ಹೋದ್ರಂತ. ತಿರಗಿ ಬರಲೇ ಇಲ್ಲ. ಮೂರ ಎಲ್ಲೆಲ್ಲೋ ಹೋದ್ವು, ಒಂದ ಚರಗಿ ಅವ್ವನ ಜೋಡಿ ಇಲ್ಲಿಗೆ ಬಂತು. ‘ಇಟಗೋರಿ ಅಂದಾರ, ಕೊಟ್ಟಿಲ್ಲ. ಅದಕ್ಕ ಅದರಾಗ ನಾ ಎಂದೂ ನೀರ ಕುಡದಿಲ್ಲ, ಹುಣಸೀಹಣ್ಣ ಹಚ್ಚಿ ತಿಕ್ಕಿ ಇಡ್ತೇನಿ’ ಅಂದ್ಲು. ಐವತ್ತ ವರ್ಷದಿಂದ ನಮ್ಮ ಮನ್ಯಾಗ ಬ್ಯಾರೆಯವರ ಚರಗಿ ಕಾಯಕೋತ ಕೂತದ, ನಂಗ ಗೊತ್ತಿಲ್ಲ.

ಅಲ್ಲಿಂದ ನಮ್ಮ ಸೀರಿಯಲ್ ಹಳಿ ಮ್ಯಾಲೆ ಬಂತು. ನೀವೂ ಶುರು ಮಾಡವರಿದ್ರ ನಮಗ ಕೆಲಸಕ್ಕ ಬಂದದ್ದ ಹೇಳ್ತೇನಿ. ಎಲ್ಲಾರಿಗೂ ಒಂದ ಪ್ರಶ್ನೆ ಅಂತ ಮಾಡ್ರಿ. ನಾವು ‘ಮೊದಲನೇ ಪಗಾರದಾಗ ಏನ್ ತೊಗೊಂಡ್ರಿ’ ಅಂತ ಹಿಡದ್ವಿ. ಓಣ್ಯಾಗಿನ ಟೇಲರ್, ಗಿರಮಿಟ್ ಗಾಡಿಯಾಂವ, ನಮ್ಮ ಮಾಂವ, ಕಾಕೂ ಎಲ್ಲಾರಿಗೂ ಅದ ಒಂದ ಪ್ರಶ್ನೆ. ಟೇಲರ್ ತಾ ಮೊದಲನೇ ಪಗಾರದಾಗ ಅಂಗಡ್ಯಾಗ ರೆಡಿಮೇಡ್ ಅಂಗಿ ತೊಗೊಂಡಿದ್ದೆ ಅಂದಾ! ಇನ್ನೊಂದು, ಹಳೇ ಫೋಟೋ ಆಲ್ಬಮ್ ತಗದು ‘ಇದರಾಗ ಯಾರಿಲ್ಲ, ಯಾಕಿಲ್ಲ’ ಅಂತ ಕೇಳ್ರಿ. ಇದ್ದವರ ಕಥಿಗಿಂತ ಇಲ್ಲದವರ ಕಥಿ ಭಾರಿ ಇರ್ತದ. ಇಲ್ಲಾ ಹಿರೇರನ್ನ ಗಾಡ್ಯಾಗ ಕೂಡಿಸ್ಕೊಂಡ ಅವರ ಹಳೇ ಬಾಡಗಿ ಮನಿ ಓಣಿಗೆ ಹೋಗ್ರಿ, ದಾರಿ ಅವರ ಹೇಳ್ಲಿ, ರಿಕಾರ್ಡ್ ಚಾಲೂ ಇರ್ಲಿ. ಹುಡುಗರ ಕಡೆ ಕೇಳಸ್ರಿ. ನಾವು ಕೇಳಲಿಕ್ಕೆ ನಾಚಗೊಳ್ಳೋದನ್ನ ಅವು ಸಲೀಸ ಕೇಳ್ತಾವ.

ಯಂತ್ರದ್ದ ಕೆಲಸಾ ಭಾಳ ಇಲ್ಲ. ಫ್ಯಾನ್ ಬಂದ್, ಕುಕ್ಕರ್ ಬಂದ್. ಫೋನ್ ಫ್ಲೈಟ್ ಮೋಡ್‌ನಾಗ ಹಾಕಿ, ಮಡಚಿದ ಟಾವೆಲ್ ಮ್ಯಾಲೆ ಮಾತಾಡೋರ ಸಮೀಪ ಇಡ್ರಿ. ಒಂದ ನಿಮಿಷ ರಿಕಾರ್ಡ್ ಮಾಡಿ ಕೇಳಿ ನೋಡ್ರಿ. ಶುರುವಿಗೆ ಹೆಸರು, ತಾರೀಖು, ಜಾಗಾ ಬಾಯಿಲೆ ಹೇಳ್ರಿ, ಫೈಲಿಗೂ ಅದ ಹೆಸರ ಇಡ್ರಿ, ಎರಡ ಕಡೆ ಉಳಸ್ರಿ. ‘ಹೌದು’, ‘ಇಲ್ಲ’ ಅಂತ ಮುಗಿಯೋ ಪ್ರಶ್ನೆ ಕೇಳಬ್ಯಾಡ್ರಿ. ಎಲ್ಲಾಕ್ಕಿಂತ ಮುಖ್ಯ, ಉತ್ತರ ಮುಗದ ಮ್ಯಾಲೆ ಲಗೂನ ಮುಂದಿನ ಪ್ರಶ್ನೆ ಕೇಳಬ್ಯಾಡ್ರಿ. ಮನಸಿನಾಗ ಹತ್ತರ ತನಕಾ ಎಣಸ್ರಿ. ಖರೇ ಉತ್ತರ ಏಳಕ್ಕೋ ಎಂಟಕ್ಕೋ ಬರ್ತದ.

ಹಿಂಗ ಒಂಬತ್ತ ಎಪಿಸೋಡ್ ಆದ್ವು. ನಾ ಭಾರಿ ಖುಷಿಯಾಗ ಇದ್ದೆ. ಒಂದ ದಿವಸ ನನ್ನ ಹೆಂಡ್ತಿ ಶೇಂಗಾ ಸುಲಕೋತ ಕೂತಾಗ ಅಂದ್ಲು, ‘ಗಿರಮಿಟ್ ಗಾಡಿಯಾಂವಂದೂ ಆತು. ಈ ಮನಿಗೆ ಬಂದ 22 ವರ್ಷ ಆತು, ನಂಗ ಇನ್ನೂ ಯಾರೂ ಏನೂ ಕೇಳಿಲ್ಲ.’

ನಗಚಾಟಿಗೆ ಅಂದದ್ದ ಅದ. ನಾನೂ ನಗಚಾಟಿಗೆನ ಫೋನ್ ಟಾವೆಲ್ ಮ್ಯಾಲೆ ಇಟ್ಟೆ. ‘ಮೊದಲನೇ ಪಗಾರದಾಗ ಏನ್ ತೊಗೊಂಡಿ?’

‘ನಂಗ ಯಾರ ಪಗಾರ ಕೊಟ್ಟಾರರಿ, ಬರೇ ದುಡಿಯೋದು.’

ಬ್ಯಾರೆ ದಿವಸ ಆಗಿದ್ರ ನಕ್ಕ ಎದ್ದ ಹೋಗತಿದ್ದೆ. ಅವತ್ತ ರೂಢಿ ಪ್ರಕಾರ ಎಣಸ್ಕೋತ ಕೂತೆ. ಏಳಕ್ಕ ಬಂದಿದ್ದೆ.

‘ಇಲ್ಲ, ನಾಕ ಸಲಾ ತೊಗೊಂಡೇನಿ’ ಅಂದ್ಲು.

ಲಗ್ನಕ್ಕಿಂತ ಮೊದಲ ಅವರ ಊರಾಗ ಒಂದ ಸಾಲ್ಯಾಗ ನಾಕ ತಿಂಗಳ ಕಲಸಿದ್ಲಂತ. ತಿಂಗಳಿಗೆ 1,200 ರೂಪಾಯಿ. ತಮ್ಮಗ ಒಂದ ಗಡಿಯಾರ, ತನಗ ಒಂದ ಛತ್ರಿ. ಬಿ.ಎಡ್. ಆದಾಕಿ ಅಂತ ನಂಗ ಗೊತ್ತಿತ್ತು, ಕಲಸಿದಾಕಿ ಅಂತ ಗೊತ್ತಿರಲಿಲ್ಲ. ನಾ ಮತ್ತ ಸುಮ್ನ ಕೂತೆ. ಲಗ್ನಾ ಆದ ಎರಡನೇ ವರ್ಷ ಒಂದ ಹೈಸ್ಕೂಲಿನಿಂದ ಅಕಿಗೆ ಇಂಟರವ್ಯೂ ಕಾರ್ಡ್ ಬಂದಿತ್ತಂತ, ಈ ಮನಿ ವಿಳಾಸಕ್ಕನ. ಅದ ವಾರ ನಮ್ಮಪ್ಪಂದ ಹಾರ್ಟ್ ಆಪರೇಶನ್ ಇತ್ತು. ನಾ ದವಾಖಾನ್ಯಾಗ, ಇಕಿ ಡಬ್ಬಿ ಕಟಗೊಂಡ ಎರಡ ಹೊತ್ತ ಬರೋದು ಹೋಗೋದು. ಕಾರ್ಡ್ ಟ್ರಂಕಿನಾಗ ಸೀರಿ ಬುಡಕ ಹೋತು.

‘ನಂಗ್ಯಾಕ ಹೇಳಲಿಲ್ಲ?’ ಅಂದೆ. ಕೇಳಬಾರದ ಪ್ರಶ್ನೆ ಅದು, ಆದ್ರ ಬಾಯಿಂದ ಬಂದಬಿಡ್ತು.

‘ನೀವು ಕೇಳಲಿಲ್ಲ’ ಅಂದ್ಲು. ಸಿಟ್ಟಿಲೆ ಅಲ್ಲ, ಶೇಂಗಾ ಸುಲಕೋತನ.

ಅಷ್ಟರಾಗ ಅಡಗಿಮನಿ ಬಾಗಲದಾಗ ಅವ್ವಾ ಬಂದ ನಿಂತಿದ್ಲು. ಎಷ್ಟೊತ್ತಾಗಿತ್ತೋ ಏನೋ. ‘ಆ ಕಾರ್ಡ್ ಪೋಸ್ಟಮನ್ ಕಡೆ ಇಸಗೊಂಡಾಕಿ ನಾನವಾ’ ಅಂದ್ಲು. ‘ಓದಿದೆ. ನಿನ್ನ ಕೈಯಾಗ ಕೊಟ್ಟೆ. ಹೋಗಿ ಬಾ, ಡಬ್ಬಿ ನಾ ಒಯ್ತೇನಿ ಅನಬೇಕಿತ್ತು. ಅನಲಿಲ್ಲ.’

ನನ್ನ ಹೆಂಡ್ತಿ ಕೈ ನಿಂತ್ವು. ‘ಇರ್ಲಿ ಬಿಡ್ರಿ ಅತ್ಯಾ’ ಅಂದ್ಲು. ಆಮ್ಯಾಲೆ ಯಾರೂ ಮಾತಾಡಲಿಲ್ಲ. ರಿಕಾರ್ಡಿಂಗ್ ಒಳಗ ಬರೇ ಶೇಂಗಾ ಸಿಪ್ಪಿ ಸಪ್ಪಳ ಅದ, ಇಬ್ಬರದು. ಅವ್ವನೂ ಬಂದ ಕೂತ ಸುಲೀಲಿಕ್ಕೆ ಹತ್ತಿದ್ಲು.

ಕಡಿಗೆ ಹೆಂಡ್ತಿ ಅಂದ್ಲು, ‘ಇದನ್ನ ಮನಿ ಗ್ರೂಪಿನಾಗ ಹಾಕಬ್ಯಾಡ್ರಿ.’ ಹಾಕಿಲ್ಲ. ಹೇಳಿದವರ ಮಾತು ಹೇಳಿದವರ ಆಸ್ತಿ, ಅವರ ಬ್ಯಾಡ ಅಂದ್ರ ಬ್ಯಾಡ. ಈ ಲೇಖನನೂ ಮೊದಲ ಅಕಿಗೆ ಓದಿ ತೋರಿಸೇನಿ, ಅವ್ವಗೂ. ಅವ್ವಾ ‘ಖರೇ ಅದ, ಇರ್ಲಿ’ ಅಂದ್ಲು. ಹೆಂಡ್ತಿ ಎರಡ ಸಾಲ ಹೊಡದ ಹಾಕಿದ್ಲು. ಅವು ಯಾವು ಅಂತ ಕೇಳಬ್ಯಾಡ್ರಿ.

ಹಿಂದಿನ ರವಿವಾರ ಫೋನ್ ಅಕಿ ಕೈಯಾಗ ಇತ್ತು, ಶೇಂಗಾ ನನ್ನ ಮುಂದ. ‘ಈಗ ನಿಮ್ಮ ಪಾಳಿ’ ಅಂದ್ಲು. ತಾರೀಖ ಹೇಳಿದ್ಲು, ಜಾಗಾ ಹೇಳಿದ್ಲು, ಖರೇ ಮಾಸ್ತರಿಣಿ ಹಂಗ. ಆಮ್ಯಾಲೆ ಕೇಳಿದ್ಲು, ‘ಹಾರ್ಟ್ ಆಪರೇಶನ್ ವಾರ ದವಾಖಾನ್ಯಾಗ ನಾ ಡಬ್ಬಿ ತೊಗೊಂಡ ಬಂದಾಗ, ನನ್ನ ಮಾರಿ ಹೆಂಗಿತ್ತು ಹೇಳ್ರಿ?’

ಡಬ್ಬ್ಯಾಗ ಏನಿತ್ತು ಅನ್ನೋದ ನಂಗ ಇವತ್ತಿಗೂ ನೆನಪದ. ಜ್ವಾಳದ ರೊಟ್ಟಿ, ಪುಂಡಿ ಪಲ್ಲೆ. ಮಾರಿ ನೆನಪಾಗವಲ್ದು. ಅಕಿ ಸುಮ್ನ ಕೂತಿದ್ಲು. ತುಟಿ ನೋಡಿದೆ, ಒಂದು, ಎರಡು, ಮೂರು ಅಂತ ಎಣಸಲಿಕ್ಕೆ ಹತ್ತಿದ್ಲು.