ಮೂಟೆಯಲ್ಲಿ ವಾಪಸು ಬಂದ ಕಾರು

ನಮ್ಮ ಮನೆಯ ಕಾರು 1951ರ ಎಂ.ಜಿ. ಟಿ.ಡಿ. ಇಂಗ್ಲೆಂಡಿನ ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ತಯಾರಾದದ್ದು. ಇಬ್ಬರೇ ಕೂರಬಹುದು. ಮೇಲೆ ಬಟ್ಟೆಯ ಹುಡ್, ಮಡಚಿ ಮಲಗಿಸಬಹುದಾದ ಮುಂದಿನ ಗಾಜು, ಹಿಂದುಗಡೆಗೆ ಕೀಲಿರುವ ಬಾಗಿಲು. 1953ರಲ್ಲಿ ನಿಲ್ಲಿಸುವ ಹೊತ್ತಿಗೆ ಇಂಥವು ಮೂವತ್ತು ಸಾವಿರದ ಹತ್ತಿರ ತಯಾರಾಗಿದ್ದವು. ಬಹುಪಾಲು ಅಮೆರಿಕಕ್ಕೆ ಹೋದವು, ಕೆಲವು ನಮ್ಮ ದೇಶಕ್ಕೂ ಬಂದವು.

ನಮ್ಮದನ್ನು ಮೊದಲು ಕೊಂಡವರು ಚಿಕ್ಕಮಗಳೂರು ಕಡೆಯ ಒಬ್ಬ ಕಾಫಿ ಪ್ಲಾಂಟರ್. ಅವರಿಂದ ಮಂಡ್ಯದ ಸಕ್ಕರೆ ಕಾರ್ಖಾನೆಯ ಎಂಜಿನಿಯರೊಬ್ಬರ ಕೈಗೆ ಬಂತು. ಅವರು ಕೆಲಸ ಬಿಟ್ಟು ಊರಿಗೆ ಹೊರಟಾಗ, 1962ರಲ್ಲಿ, ನಮ್ಮ ತಾತ ಕೊಂಡರು. ತಾತನದು ಮಳವಳ್ಳಿಯಲ್ಲಿ ಅಕ್ಕಿ ಗಿರಣಿ. ಭತ್ತದ ಲೆಕ್ಕ ಮುಗಿಸಿದ ಭಾನುವಾರಗಳಲ್ಲಿ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಶಿವನಸಮುದ್ರದ ಬ್ಲಫ್‌ವರೆಗೂ ಹೋಗಿಬರುತ್ತಿದ್ದರಂತೆ. 1973ರ ನಂತರ ಪೆಟ್ರೋಲಿನ ಬೆಲೆ ಏರಿತು, ಟೈರು ಸಿಗದಾಯಿತು, ಕಾರು ಗಿರಣಿಯ ಗೋಡೌನು ಸೇರಿತು. ತಾತ ಹೋದರು, ಗಿರಣಿ ನಿಂತಿತು. ಕಾರು ಮಾತ್ರ ಗೋಣಿಚೀಲ ಹೊದ್ದುಕೊಂಡು ಅಲ್ಲೇ ಇತ್ತು.

2017ರಲ್ಲಿ ಅಪ್ಪನಿಗೆ ಅದನ್ನು ಓಡುವ ಸ್ಥಿತಿಗೆ ತರಬೇಕೆನಿಸಿತು. ಹಳೆಯ ಕಾರುಗಳ ಕೆಲಸ ಮಾಡುತ್ತೇವೆ ಎಂದು ಬೆಂಗಳೂರಿನ ಒಂದು ಗ್ಯಾರೇಜಿನವರು ಬಂದು ನೋಡಿದರು. ವರ್ಷದೊಳಗೆ ಮುಗಿಸಿಕೊಡುವುದಾಗಿ ಹೇಳಿ ಅಡ್ವಾನ್ಸ್ ಪಡೆದರು. ಕ್ಯಾಂಟರಿಗೆ ಹತ್ತಿಸಿದಾಗ ಕಾರು ಇಡಿಯಾಗಿತ್ತು. ಎಂಜಿನ್ ಇತ್ತು, ದೀಪಗಳಿದ್ದವು, ಸ್ಟೀರಿಂಗ್ ತಿರುಗುತ್ತಿತ್ತು. ಅಪ್ಪ ಬೀದಿಯ ತಿರುವಿನವರೆಗೂ ಕ್ಯಾಂಟರಿನ ಹಿಂದೆ ನಡೆದು ಹೋದರು.

ಮೊದಲು ಫೋಟೋ ಬರುತ್ತಿದ್ದವು. ಬಾಡಿ ಬಿಚ್ಚಿದ್ದೇವೆ, ಎಂಜಿನ್ ಇಳಿಸಿದ್ದೇವೆ, ಮರ ಹುಳ ಹಿಡಿದಿದೆ, ಇನ್ನಷ್ಟು ಹಣ ಬೇಕು. ಕಳಿಸಿದೆವು. ಆಮೇಲೆ ಫೋಟೋ ನಿಂತವು, ಫೋನೂ ನಿಂತಿತು. ಬೆಂಗಳೂರಿಗೆ ಹೋದಾಗಲೆಲ್ಲ 'ಪೇಂಟರ್ ರಜೆ', 'ಪಾರ್ಟು ಕಸ್ಟಮ್ಸ್‌ನಲ್ಲಿದೆ' ಎಂಬ ಉತ್ತರ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ರಸ್ತೆ ತೆರೆದ ಮೇಲೆ ಹೋದರೆ ಗ್ಯಾರೇಜಿನ ಜಾಗದಲ್ಲಿ ಬೇರೆ ಅಂಗಡಿಯ ಬೋರ್ಡು.

ಆ ದಿನಗಳಲ್ಲಿ ಅಪ್ಪ ಊಟ ಕಡಿಮೆ ಮಾಡಿದರು. ಬಿ.ಪಿ. ಏರಿತು. ರಾತ್ರಿ ಎದ್ದು ಜಗಲಿಯ ಮೇಲೆ ಕೂರುತ್ತಿದ್ದರು. 'ತಂದೆಯ ಗಾಡಿ ಕಳೆದವನು ನಾನು' ಎಂದು ಒಮ್ಮೆ ಅಮ್ಮನ ಹತ್ತಿರ ಅಂದರಂತೆ. ಆ ಮಾತು ಕೇಳಿದ ಮೇಲೆ ಕಾರು ಹುಡುಕುವ ಕೆಲಸ ನನ್ನ ತಲೆಗೆ ಬಂತು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಗ್ಯಾರೇಜು, ಗುಜರಿ, ಪೊಲೀಸ್ ಠಾಣೆ ನನಗೆ ಪರಿಚಯವಿರಲಿಲ್ಲ. ಹೋದಲ್ಲೆಲ್ಲ ಮೊದಲು ಎದುರಾಗುತ್ತಿದ್ದ ಪ್ರಶ್ನೆ: 'ಮನೇಲಿ ಗಂಡಸರು ಯಾರೂ ಇಲ್ವೇನಮ್ಮಾ?'

ಗ್ಯಾರೇಜಿನಲ್ಲಿ ಮೊದಲು ಕೆಲಸಕ್ಕಿದ್ದ ಒಬ್ಬ ಹುಡುಗನ ಮೂಲಕ ಸುಳಿವು ಸಿಕ್ಕಿತು. ಊರಾಚೆಯ ಒಂದು ಶೆಡ್ಡಿನಲ್ಲಿ ನಮ್ಮ ಕಾರಿನ ಚಾಸಿ ಗೋಡೆಗೆ ಒರಗಿತ್ತು. ಬಾಡಿಯ ತಗಡು ಒಂದು ಮೂಲೆಯಲ್ಲಿ, ಬಾಗಿಲುಗಳು ಇನ್ನೊಂದು ಕಡೆ. ನಟ್ಟು, ಬೋಲ್ಟು, ಮೀಟರುಗಳು, ವೈರು ಎಲ್ಲವೂ ಸಿಮೆಂಟಿನ ಖಾಲಿ ಚೀಲಗಳಲ್ಲಿ. ಎಂಜಿನ್ ಇರಲಿಲ್ಲ. ಶೆಡ್ಡಿನ ಬಾಡಿಗೆ ಬಾಕಿ ಕೊಟ್ಟು ಸಾಮಾನು ತೆಗೆದುಕೊಂಡು ಹೋಗಿ ಎಂದರು ಜಾಗದ ಯಜಮಾನರು. ನಮ್ಮ ಕಾರನ್ನು ನಾವೇ ದುಡ್ಡು ಕೊಟ್ಟು ಬಿಡಿಸಿಕೊಂಡೆವು. ತಾತನ ಕಾರು ಮೂಟೆಗಳಲ್ಲಿ ಮಳವಳ್ಳಿಗೆ ಬಂತು.

ಎಂಜಿನ್ ಇಲ್ಲದಿದ್ದರೆ ಉಳಿದದ್ದಕ್ಕೆ ಬೆಲೆಯಿಲ್ಲ ಎನ್ನುವುದು ಬೇಗನೆ ಗೊತ್ತಾಯಿತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ ಗಾಡಿಗೆ ಮಾತ್ರ ಆ ಮಾನ್ಯತೆ. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಯಾವುದೋ ಅಂಬಾಸಡರ್ ಎಂಜಿನ್ ಕೂರಿಸಿ ಓಡಿಸಿ ಎಂದು ಸಲಹೆ ಕೊಟ್ಟವರಿದ್ದರು. ಹಾಗೆ ಮಾಡಿದರೆ ಅದು ನಮ್ಮ ಕಾರಾಗಿ ಉಳಿಯುತ್ತಿರಲಿಲ್ಲ, ಕಾನೂನಿನ ಲೆಕ್ಕದಲ್ಲೂ.

ಠಾಣೆಯಲ್ಲಿ ದೂರು ಕೊಡಲು ಹೋದಾಗ ಕೇಳಿದ ಮೊದಲ ದಾಖಲೆ ಆರ್‌ಸಿ ಪುಸ್ತಕ. ತಾತನ ಟ್ರಂಕಿನಲ್ಲಿ ಅದು ಇತ್ತು. ಗೆದ್ದಲು ತಿಂದು ಮಧ್ಯದ ಹಾಳೆ ಜರಡಿಯಾಗಿತ್ತು. ಎಂಜಿನ್ ನಂಬರಿನ ಸಾಲು ಅರ್ಧ ಮಾತ್ರ ಉಳಿದಿತ್ತು. ಆರ್‌ಟಿಓ ಕಚೇರಿಯ ಹಳೆಯ ರಿಜಿಸ್ಟರಿನಿಂದ ಬಿ-ಎಕ್ಸ್‌ಟ್ರಾಕ್ಟ್ ಕೇಳಿ ಅರ್ಜಿ ಹಾಕಿದೆ. ಕಂಪ್ಯೂಟರ್ ಬರುವ ಮೊದಲಿನ ದಾಖಲೆ, ಸಿಗುವುದು ಕಷ್ಟ ಎಂದರು. ನಿವೃತ್ತಿಗೆ ಹತ್ತಿರವಿದ್ದ ಗುಮಾಸ್ತರೊಬ್ಬರು ರೆಕಾರ್ಡ್ ರೂಮಿನ ಧೂಳಿನಲ್ಲಿ ಕೂತು, ಮೈಸೂರು ರಾಜ್ಯದ ಕಾಲದ ದಪ್ಪ ಪುಸ್ತಕ ಹುಡುಕಿ ತೆಗೆದರು. ಎಂ.ವೈ. ಅಕ್ಷರದ ನಮ್ಮ ನಂಬರು, ತಾತನ ಹೆಸರು, ಚಾಸಿ ನಂಬರು, ಎಂಜಿನ್ ನಂಬರು ಎಲ್ಲವೂ ನೀಲಿ ಶಾಯಿಯಲ್ಲಿ ಸ್ಪಷ್ಟವಾಗಿದ್ದವು. ಅದರ ದೃಢೀಕೃತ ನಕಲು ಕೈಗೆ ಬಂದ ಮೇಲೆ ಠಾಣೆಯಲ್ಲಿ ನನ್ನ ಮಾತಿಗೆ ಕುರ್ಚಿ ಸಿಕ್ಕಿತು.

ಎಂಜಿನ್ ಸಿಕ್ಕಿದ್ದು ಒಂದು ಗುಜರಿ ಗೋಡೌನಿನಲ್ಲಿ. ಗ್ಯಾರೇಜಿನವರು ಸಾಲಕ್ಕೆ ಅಡವಿಟ್ಟು, ಅಲ್ಲಿಂದ ಕೈ ಬದಲಾಗಿತ್ತು. ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಲಾರಿ ಗೇರ್‌ಬಾಕ್ಸುಗಳ ನಡುವೆ ಜಿಡ್ಡು ಮೆತ್ತಿದ ಒಂದು ಕಬ್ಬಿಣದ ಮುದ್ದೆ. ಈ ಎಂಜಿನ್ನುಗಳ ಪಕ್ಕೆಯಲ್ಲಿ ಎಂಟು ಮೂಲೆಯ ಸಣ್ಣ ಹಿತ್ತಾಳೆ ಬಿಲ್ಲೆ ಇರುತ್ತದೆ, ಎಂ.ಜಿ.ಯ ಗುರುತೇ ಆ ಎಂಟು ಮೂಲೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನಾನು ಉಜ್ಜುತ್ತಾ ಹೋದೆ. ಮೊದಲು ಹಳದಿ ಅಂಚು ಕಂಡಿತು, ಆಮೇಲೆ ಎಕ್ಸ್, ಪಿ, ಎ, ಜಿ ಅಕ್ಷರಗಳು, ಕೊನೆಗೆ ಅಂಕಿಗಳು. ನಾನು ಒಂದೊಂದೇ ಅಂಕಿ ಓದಿದೆ, ಅಪ್ಪ ಕಾಗದದ ಮೇಲೆ ಬೆರಳಿಟ್ಟು 'ಹೂಂ' ಅನ್ನುತ್ತಾ ಬಂದರು. ಕೊನೆಯ ಅಂಕಿಗೆ ಅವರ ಬಾಯಿಂದ 'ಹೂಂ' ಹೊರಡಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟು ಗೋಡೆಯ ಕಡೆ ತಿರುಗಿ ನಿಂತರು.

ಠಾಣೆ, ನ್ಯಾಯಾಲಯದ ಆದೇಶ, ಬಿಡುಗಡೆ. ಅದೆಲ್ಲ ಮುಗಿದು ಎಂಜಿನ್ ಮನೆಗೆ ಬಂದಾಗ ನಮ್ಮಲ್ಲಿ ಹಣವೂ ಇರಲಿಲ್ಲ, ಬೆಂಗಳೂರಿಗೆ ಮತ್ತೆ ಕಳಿಸುವ ಧೈರ್ಯವೂ ಇರಲಿಲ್ಲ. ಏನು ಮಾಡುವುದಿದ್ದರೂ ಜಿಲ್ಲೆಯೊಳಗೇ ಎಂದು ತೀರ್ಮಾನಿಸಿದೆವು.

ಗಿರಣಿಯ ಮುಂದೆ ಭತ್ತ ಒಣಗಿಸುತ್ತಿದ್ದ ಕಣದ ಮೇಲೆ ಟಾರ್ಪಾಲು ಹಾಸಿ ಮೂಟೆಗಳನ್ನು ಸುರಿದೆವು. ಇಂಗ್ಲೆಂಡಿನಲ್ಲಿ ಇವತ್ತಿಗೂ ಈ ಕಾರಿನ ಬಿಡಿಭಾಗ ಮಾರುವವರಿದ್ದಾರೆ. ಅವರ ಪಟ್ಟಿಯ ಚಿತ್ರ ನೋಡಿಕೊಂಡು ಅಮ್ಮ, ಅಪ್ಪ, ನಾನು ಒಂದೊಂದನ್ನೂ ಗುರುತಿಸಿ ಡಬ್ಬಿಗಳಿಗೆ ಹಾಕಿದೆವು. ಇರುವುದೇನು, ಕಳೆದದ್ದೇನು ಎಂಬುದು ಆಗ ಮೊದಲ ಸಲ ತಿಳಿಯಿತು.

ಟಿ.ಡಿ.ಯ ತಗಡಿನ ಬಾಡಿಯ ಒಳಗೆ ಮರದ ಚೌಕಟ್ಟು ಇರುತ್ತದೆ. ಇಂಗ್ಲೆಂಡಿನವರು ಅದಕ್ಕೆ ಆ್ಯಶ್ ಎಂಬ ಮರ ಬಳಸುತ್ತಿದ್ದರು. ನಮ್ಮದರಲ್ಲಿ ಬಾಗಿಲ ಕಂಬಗಳು ಹುಳ ತಿಂದು ಹಿಟ್ಟಾಗಿದ್ದವು. ಮದ್ದೂರಿನಲ್ಲಿ ಎತ್ತಿನ ಗಾಡಿ ಮಾಡುತ್ತಿದ್ದ ಮನೆತನದ ಹಿರಿಯರೊಬ್ಬರ ಹತ್ತಿರ ಚೌಕಟ್ಟು ಒಯ್ದೆವು. ಟ್ರ್ಯಾಕ್ಟರ್ ಬಂದ ಮೇಲೆ ಗಾಡಿಯ ಕೆಲಸ ಹೋಗಿ, ಅವರು ಬಾಗಿಲು, ಕಿಟಕಿ ಮಾಡಿಕೊಂಡಿದ್ದರು. ಮುರಿದ ತುಂಡುಗಳನ್ನು ನೆಲದ ಮೇಲೆ ಜೋಡಿಸಿ ಬಹಳ ಹೊತ್ತು ನೋಡಿದರು. 'ಇದು ನಮ್ಮ ಗಾಡಿನೇ ಕಣವ್ವಾ, ಎತ್ತು ಕಟ್ಟೋ ಜಾಗದಲ್ಲಿ ಇಂಜಿನ್ ಮಡಗವ್ರೆ ಅಷ್ಟೇಯ' ಅಂದರು.

ಹಸಿ ಮರ ಮುಟ್ಟುವುದಿಲ್ಲ ಎಂದು ಅವರ ಹಟ. ಕೆಡವಿದ ಹಳೆಯ ತೊಟ್ಟಿಮನೆಯ ತೇಗದ ತೊಲೆ ತರಿಸಿದರು. ಎಷ್ಟೋ ಬೇಸಿಗೆ ಕಂಡ ಮರ ಇನ್ನು ಸೆಳೆತ ಕೊಡುವುದಿಲ್ಲ ಎನ್ನುವುದು ಅವರ ಕಾರಣ. ಕೆಟ್ಟ ಭಾಗದ ಅಳತೆಯನ್ನು ಉಳಿದ ಭಾಗದಿಂದ ತೆಗೆದರು. ಎಡದ ಕಂಬ ಚೆನ್ನಾಗಿದ್ದರೆ ಬಲದ್ದಕ್ಕೆ ಅದನ್ನೇ ತಿರುವಿ ಗೀಟು ಹಾಕಿದರು. ಬಾಚಿಯಿಂದ ಕೆತ್ತಿ, ಕಚ್ಚು ಕೊಟ್ಟು ಕೂಡಿಸಿದ ಮೇಲೆ ತಗಡನ್ನು ಇಟ್ಟು ನೋಡುವುದು, ಕೂರದಿದ್ದರೆ ಮತ್ತೆ ಬಿಚ್ಚಿ ಎಳೆಯಷ್ಟು ಕೀಸುವುದು. ಬಾಗಿಲು ಮುಚ್ಚಿದಾಗ ಸುತ್ತ ಒಂದೇ ಅಗಲದ ಸಂದು ಬರುವವರೆಗೆ ಬಿಡಲಿಲ್ಲ.

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ಮುಳುಗಿದ ಮಳೆ ಬಂತಲ್ಲ, ಆಗ ಅವರ ಕೊಟ್ಟಿಗೆಗೂ ನೀರು ನುಗ್ಗಿತು. ನಾನು ಓಡಿಹೋಗಿ ನೋಡಿದರೆ ಚೌಕಟ್ಟನ್ನು ಹಗ್ಗದಲ್ಲಿ ಎಳೆದು ತೊಲೆಗೆ ಕಟ್ಟಿದ್ದರು. ಅವರ ಸ್ವಂತ ಹಲಗೆಗಳು ಕೆಳಗೆ ಕೆಸರುನೀರಿನಲ್ಲಿದ್ದವು.

ಎಂಜಿನ್ನಿನ ಕೆಲಸ ಮಂಡ್ಯದಲ್ಲಿ ಆಯಿತು. 1250 ಸಿಸಿಯ, 54 ಹಾರ್ಸ್‌ಪವರಿನ ಸಣ್ಣ ಎಂಜಿನ್. ಬೆಂಗಳೂರಿನಲ್ಲಿ ಬಿಚ್ಚಿದವರು ಎಂ.ಎಂ. ಪಾನಾ ಹಾಕಿ ಬೋಲ್ಟುಗಳ ತಲೆ ಸವೆಸಿದ್ದರು. ಕೆಲವು ಕಡೆ ಇಂಚಿನ ಬೋಲ್ಟನ್ನು ಬಲವಂತದಿಂದ ತಿರುಗಿಸಿ ಒಳಗಿನ ಮರೆ (ಥ್ರೆಡ್) ಕೆಡಿಸಿದ್ದರು. ನಮಗೆ ಸಿಕ್ಕ ಮೇಸ್ತ್ರಿ ಆಲೆಮನೆಗಳ ಗಾಣದ ಎಂಜಿನ್ ರಿಪೇರಿ ಮಾಡುತ್ತಾ ಬೆಳೆದವರು. ಹಳೆಯ ಲಿಸ್ಟರ್ ಡೀಸೆಲ್ ಎಂಜಿನ್ನುಗಳಿಗೆ ಬೇಕಾಗುತ್ತಿದ್ದ ವಿಟ್ವರ್ತ್ ಅಳತೆಯ ಪಾನಾಗಳು ಅವರ ಪೆಟ್ಟಿಗೆಯಲ್ಲಿದ್ದವು. ಅವು ಈ ಬೋಲ್ಟುಗಳ ತಲೆಗೆ ಸರಿಯಾಗಿ ಕೂತವು. ಆದರೆ ಅದೇ ಅಳತೆಯ ಇನ್ನೊಂದು ಬೋಲ್ಟು ತಂದು ಹಾಕಿದರೆ ಒಳಗೆ ಹೋಗದು.

ಮೇಸ್ತ್ರಿ ಬಲ ಹಾಕಲಿಲ್ಲ. ಬೋಲ್ಟನ್ನು ಬೆಳಕಿಗೆ ಹಿಡಿದು, ಥ್ರೆಡ್ ಗೇಜಿನ ಹಲ್ಲುಗಳನ್ನು ಒಂದೊಂದಾಗಿ ಮರೆಗೆ ಇಟ್ಟು ನೋಡಿದರು. 'ತಲೆ ಇಂಚಿಂದು, ಮೈ ಎಂ.ಎಂ.ದು ಕಣಮ್ಮಾ' ಅಂದರು. ಅದು ನಿಜ. ಮಾರಿಸ್ ಕಂಪನಿ 1923ರಲ್ಲಿ ಕಾವೆಂಟ್ರಿಯಲ್ಲಿದ್ದ ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯ ಎಂಜಿನ್ ಕಾರ್ಖಾನೆಯನ್ನು ಕೊಂಡಿತು. ಅಲ್ಲಿನ ಯಂತ್ರಗಳು ಕೊರೆಯುತ್ತಿದ್ದುದು ಮೆಟ್ರಿಕ್ ಮರೆ. ಯಂತ್ರ ಬದಲಿಸುವ ಬದಲು ಇಂಗ್ಲೆಂಡಿನ ಪಾನಾಗೆ ಹೊಂದುವ ತಲೆಯನ್ನು ಆ ಬೋಲ್ಟುಗಳಿಗೆ ಕೊಟ್ಟರು. ನಾನು ಇದನ್ನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಮೇಸ್ತ್ರಿಗೆ ಅವರ ಕಣ್ಣೇ ಹೇಳಿತ್ತು. ಸಿಗದ ಬೋಲ್ಟುಗಳನ್ನು ಲೇತಿನಲ್ಲಿ ಕಡೆಸಿದರು. ಕೆಟ್ಟ ಮರೆಗಳನ್ನು ಕೊರೆದು ಬುಷ್ ಕೂರಿಸಿದರು. ಗ್ಯಾಸ್ಕೆಟ್, ಬ್ರೇಕಿನ ರಬ್ಬರು, ಎರಡು ಎಸ್.ಯು. ಕಾರ್ಬ್ಯುರೇಟರುಗಳ ಕಿಟ್ ಮಾತ್ರ ಇಂಗ್ಲೆಂಡಿನಿಂದ ತರಿಸಿದೆವು. ವೈರಿಂಗ್ ಮಾಡಿದ ಟ್ರ್ಯಾಕ್ಟರ್ ಎಲೆಕ್ಟ್ರಿಷಿಯನ್, ಈ ಗಾಡಿಯಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಅರ್ತ್ ಎಂಬುದನ್ನು ಹಳೆಯ ವೈರು ಹಿಡಿದು ಕಂಡುಕೊಂಡು, ಬೇರೆಯವರು ತಪ್ಪಿ ಜೋಡಿಸದಿರಲಿ ಎಂದು ಬ್ಯಾಟರಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿಟ್ಟರು.

ಕಾಗದದ ಕೆಲಸ ಇದರ ಜೊತೆಗೇ ನಡೆಯುತ್ತಿತ್ತು. ಮಾಲೀಕರು ತೀರಿಕೊಂಡಿದ್ದರೆ ಹೆಸರು ವರ್ಗಾಯಿಸಲು ಫಾರಂ 31ರಲ್ಲಿ ಅರ್ಜಿ. ಅದಕ್ಕೆ ತಾತನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಸೋದರತ್ತೆಯರ ಒಪ್ಪಿಗೆಯ ಅಫಿಡವಿಟ್. ಹೊಸದಾಗಿ ನೋಂದಣಿಯಾಗುವ ವಿಂಟೇಜ್ ಗಾಡಿಗೆ ವಿ.ಎ. ಎಂಬ ಅಕ್ಷರಗಳ ನಂಬರು, 20,000 ರೂಪಾಯಿ ಶುಲ್ಕ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ತಾತನ ಎಂ.ವೈ. ನಂಬರು ನಮಗೆ ಉಳಿಯಿತು.

2024ರಲ್ಲಿ ಕಾರು ರಸ್ತೆಗಿಳಿಯಿತು. ಕೀಲಿ ತಿರುಗಿಸಿದರೆ ಪೆಟ್ರೋಲ್ ಪಂಪು ಟಿಕ್ ಟಿಕ್ ಅನ್ನುತ್ತದೆ, ಕಾರ್ಬ್ಯುರೇಟರ್ ತುಂಬಿದ ಮೇಲೆ ನಿಧಾನಿಸಿ ನಿಲ್ಲುತ್ತದೆ, ಆಗ ಸೆಲ್ಫ್ ಎಳೆಯಬೇಕು. ಅಪ್ಪನಿಗೆ ಮಂಡಿನೋವು. ತಗ್ಗಿನ ಸೀಟಿಗೆ ಇಳಿಯಲು ಇಬ್ಬರು ಹಿಡಿಯಬೇಕು. ಆದರೂ ಬ್ಲಫ್ ರಸ್ತೆಯಲ್ಲಿ ಗೇರು ಬದಲಿಸುವಾಗ ಅವರ ಕೈಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಶ್ರೀರಂಗಪಟ್ಟಣದ ಹತ್ತಿರ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ಕಾರ್ ಮ್ಯೂಸಿಯಂಗೆ ಹೋದಾಗ, ಸಾಲಾಗಿ ನಿಂತ ಕಾರುಗಳನ್ನು ನೋಡುತ್ತಾ ನಾನು ಯೋಚಿಸಿದ್ದು ಒಂದೇ: ಇವುಗಳ ಬಾಗಿಲ ಸಂದು ಸರಿಮಾಡಿದವರು ಯಾರು, ಕೆಟ್ಟ ಮರೆ ಕಂಡುಹಿಡಿದವರು ಯಾರು?

ಹಳೆಯ ಕಾರನ್ನು ರಿಪೇರಿಗೆ ಕೊಡುವವರಿಗೆ ನಾನು ಹೇಳುವುದಿಷ್ಟು. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಕಣ್ಣಾರೆ ನೋಡಿ ಫೋಟೋ ತೆಗೆದುಕೊಳ್ಳಿ. ಬಿಚ್ಚುವ ಪ್ರತಿ ಭಾಗದ ಪಟ್ಟಿಗೆ ಸಹಿ ಹಾಕಿಸಿ. ಹಣವನ್ನು ಕೆಲಸ ಆದಂತೆಲ್ಲ ಕೊಡಿ, ಮುಂಗಡವಾಗಿ ಕೊಡಬೇಡಿ. ಆರ್‌ಸಿಯನ್ನು ಸತ್ತವರ ಹೆಸರಿನಲ್ಲಿ ಬಿಡಬೇಡಿ. ದೊಡ್ಡ ಊರಿನ ದೊಡ್ಡ ಬೋರ್ಡು ಹುಡುಕುವ ಮೊದಲು ನಿಮ್ಮ ತಾಲ್ಲೂಕಿನ ಬಡಗಿಯನ್ನೂ ಗಾಣದ ಮೇಸ್ತ್ರಿಯನ್ನೂ ಒಮ್ಮೆ ಮಾತಾಡಿಸಿ. ಆ ವಿದ್ಯೆ ಇನ್ನೂ ಇದೆ, ಕೆಲಸ ಸಿಗದೆ ಕೂತಿದೆ.

ಆರ್‌ಸಿಯಲ್ಲಿ ಮಾಲೀಕರ ಹೆಸರಿಗೆ ಮಾತ್ರ ಜಾಗ. ಅದಕ್ಕಾಗಿ ನಾನು ಬೇರೊಂದು ಪುಸ್ತಕ ಮಾಡಿದ್ದೇನೆ. ಎಡಗಡೆಯ ಹಾಳೆಯಲ್ಲಿ ಪ್ಲಾಂಟರು, ಎಂಜಿನಿಯರು, ತಾತ, ಅಪ್ಪ. ಬಲಗಡೆಯಲ್ಲಿ ರಿಜಿಸ್ಟರ್ ಹುಡುಕಿದ ಗುಮಾಸ್ತರು, ಬಡಗಿ, ಮೇಸ್ತ್ರಿ, ಲೇತಿನ ಹುಡುಗ, ಎಲೆಕ್ಟ್ರಿಷಿಯನ್, ಯಾರು ಏನು ಮಾಡಿದರು ಎಂಬ ವಿವರದೊಂದಿಗೆ. ಈ ಕಾರು ಮುಂದೆ ಯಾರ ಕೈಗೆ ಹೋದರೂ ಆ ಪುಸ್ತಕ ಜೊತೆಗೆ ಹೋಗಬೇಕು. ಕೊಳ್ಳಲು ಬಂದವರಿಗೆ ನಾನು ಮೊದಲು ತೆರೆದು ತೋರಿಸುವುದು ಬಲಗಡೆಯ ಹಾಳೆಯನ್ನೇ.